ವರದಿ ನೆಗೆಟಿವ್, ಆದರೂ ಕೋಣೆಯಿಂದ ಹೊರಗೆ ಬರಲಿಲ್ಲ

2021ರ ಜುಲೈ 27, ಮಂಗಳವಾರ. ಕೊಲಂಬೊದ ಪ್ರೇಮದಾಸ ಕ್ರೀಡಾಂಗಣದಲ್ಲಿ ಅಂದು ರಾತ್ರಿ ಭಾರತ ಮತ್ತು ಶ್ರೀಲಂಕಾ ನಡುವೆ ಎರಡನೆಯ ಟಿ-20 ಪಂದ್ಯ ನಡೆಯಬೇಕಿತ್ತು. ಬೆಳಿಗ್ಗೆ ಮಾಡಿದ ರ‍್ಯಾಪಿಡ್ ಪರೀಕ್ಷೆಯಲ್ಲಿ ಕೃಣಾಲ್ ಪಾಂಡ್ಯ ಅವರಿಗೆ ಕೊರೊನಾ ಇರುವುದು ಗೊತ್ತಾಯಿತು. ಪಂದ್ಯವನ್ನು ಒಂದು ದಿನ ಮುಂದಕ್ಕೆ ಹಾಕಿದರು. ಅವರ ಹತ್ತಿರ ಹೆಚ್ಚು ಹೊತ್ತು ಇದ್ದವರು ಯಾರು ಯಾರು ಎಂದು ವೈದ್ಯರು ಪಟ್ಟಿ ಮಾಡಿದಾಗ ಎಂಟು ಆಟಗಾರರ ಹೆಸರು ಬಂತು. ಎಂಟೂ ಜನರ ಗಂಟಲು ದ್ರವ ಪರೀಕ್ಷೆಗೆ ಹೋಯಿತು. ಎಂಟೂ ವರದಿಗಳು ನೆಗೆಟಿವ್.

ನಮ್ಮ ಮನೆಗಳಲ್ಲಾಗಿದ್ದರೆ ಇಲ್ಲಿಗೆ ಮಾತು ಮುಗಿಯುತ್ತಿತ್ತು. ‘ಅಲ್‌ಹಮ್ದುಲಿಲ್ಲಾಹ್, ಏನೂ ಇಲ್ಲವಂತೆ’ ಎಂದು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಡುತ್ತಿದ್ದೆವು. ಆದರೆ ಆ ಎಂಟು ಜನರಲ್ಲಿ ಒಬ್ಬರನ್ನೂ ಮೈದಾನಕ್ಕೆ ಬಿಡಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ವರದಿಯೂ ಚೊಕ್ಕಟವಾಗಿದೆ. ಆದರೂ ಹೋಟೆಲಿನ ಕೋಣೆಯಲ್ಲೇ ಇರಿ ಎಂದರು. ಪ್ರವಾಸಕ್ಕೆ ಬಂದಿದ್ದ 20 ಆಟಗಾರರಲ್ಲಿ 9 ಜನ ಹೊರಗುಳಿದರು. ಉಳಿದವರು ಸರಿಯಾಗಿ 11.

ಜುಲೈ 28ರಂದು ಆ 11 ಜನರೇ ಆಡಿದರು. ನಾಲ್ವರಿಗೆ ಅದು ಮೊದಲ ಅಂತರರಾಷ್ಟ್ರೀಯ ಟಿ-20. ಅವರಲ್ಲಿ ಒಬ್ಬರು ಕರ್ನಾಟಕದ ದೇವದತ್ತ ಪಡಿಕ್ಕಲ್. ಬ್ಯಾಟು ಹಿಡಿಯಬಲ್ಲವರು ಐದೇ ಮಂದಿ. ಭಾರತ 132 ರನ್ ಮಾಡಿತು, ಶ್ರೀಲಂಕಾ ಕೊನೆಯ ಓವರಿನಲ್ಲಿ ಗೆದ್ದಿತು. ಆ ಪಂದ್ಯದಲ್ಲಿ ಒಬ್ಬ ಬೌಲರ್ ಗಾಯಗೊಂಡದ್ದರಿಂದ ಮರುದಿನ ನೆಟ್ಸ್‌ನಲ್ಲಿ ಚೆಂಡು ಹಾಕಲು ಬಂದಿದ್ದ ಹುಡುಗನೊಬ್ಬನನ್ನೇ ತಂಡಕ್ಕೆ ಸೇರಿಸಿಕೊಳ್ಳಬೇಕಾಯಿತು. ಭಾರತ 81 ರನ್ನಿಗೆ ನಿಂತಿತು, ಸರಣಿಯೂ ಹೋಯಿತು. ತಂಡದ ಕೋಚ್ ಆಗಿದ್ದವರು ನಮ್ಮ ರಾಹುಲ್ ದ್ರಾವಿಡ್. ಅಂದು ಟೀವಿ ಮುಂದೆ ಕೂತು ಬೈದವರು ಬಹಳ. ‘ನೆಗೆಟಿವ್ ಬಂದವರನ್ನು ಯಾಕೆ ಕೂರಿಸಿದ್ದು?’ ಎಂಬುದೇ ಎಲ್ಲರ ಪ್ರಶ್ನೆ.

ಉತ್ತರ ಜುಲೈ 30ರಂದು ಬಂತು. ಆ ಎಂಟು ಜನರಲ್ಲಿ ಇಬ್ಬರಿಗೆ, ಯುಜುವೇಂದ್ರ ಚಾಹಲ್ ಮತ್ತು ಬೆಂಗಳೂರಿನ ಕೃಷ್ಣಪ್ಪ ಗೌತಮ್ ಅವರಿಗೆ, ಪಾಸಿಟಿವ್. ಉಳಿದ ತಂಡ ಊರಿಗೆ ಮರಳಿತು. ಕೃಣಾಲ್ ಜೊತೆ ಇವರಿಬ್ಬರೂ ಕೊಲಂಬೊದಲ್ಲೇ ಉಳಿದರು.

ಈ ಮೂರು ದಿನಗಳ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೊದಲ ವರದಿ ಸುಳ್ಳಾಗಿರಲಿಲ್ಲ. ಅಂದಿನ ಮಟ್ಟಿಗೆ ಅದು ನಿಜವೇ. ಅದನ್ನು ನಂಬಿ ಇವರಿಬ್ಬರನ್ನು ಡ್ರೆಸ್ಸಿಂಗ್ ರೂಮಿಗೆ ಬಿಟ್ಟಿದ್ದರೆ ಊಟ, ಬಸ್ಸು, ಬೆಂಚು ಎಲ್ಲವನ್ನೂ ಉಳಿದವರೊಡನೆ ಹಂಚಿಕೊಳ್ಳುತ್ತಿದ್ದರು. ಆಮೇಲೆ ತಂಡದ ಅರ್ಧ ಜನ ಅಲ್ಲಿಯೇ ಉಳಿಯಬೇಕಾಗುತ್ತಿತ್ತೋ ಏನೋ.

ಪರೀಕ್ಷೆ ಹೇಳುವುದೇನು, ಹೇಳದಿರುವುದೇನು

ವೈರಸ್ ಮೂಗು-ಗಂಟಲಿಗೆ ಬಂದ ಕ್ಷಣವೇ ಪರೀಕ್ಷೆಗೆ ಸಿಗುವುದಿಲ್ಲ. ಮೊದಲು ಅದು ಒಳಗಿನ ಜೀವಕೋಶಗಳಿಗೆ ಹೊಕ್ಕು ತನ್ನಂಥದ್ದನ್ನೇ ಸಾವಿರ, ಲಕ್ಷವಾಗಿ ಮಾಡಿಕೊಳ್ಳಬೇಕು. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಕೊರೊನಾದ ಮೊದಲ ಅಲೆಯಲ್ಲಿ ಸೋಂಕು ತಗುಲಿದವರಿಗೆ ಸಾಮಾನ್ಯವಾಗಿ ಐದನೆಯ ದಿನದ ಸುಮಾರಿಗೆ ಲಕ್ಷಣ ಕಾಣುತ್ತಿತ್ತು. ಕೆಲವರಿಗೆ ಎರಡೇ ದಿನ, ಅಪರೂಪಕ್ಕೆ ಹದಿನಾಲ್ಕು ದಿನ. ನಂತರ ಬಂದ ಒಮಿಕ್ರಾನ್ ತಳಿಯಲ್ಲಿ ಇದು ಮೂರು ದಿನಕ್ಕೆ ಇಳಿಯಿತು. ಈ ನಡುವಿನ ದಿನಗಳ ಮೊದಲ ಭಾಗದಲ್ಲಿ ಗಂಟಲು ದ್ರವ ತೆಗೆದರೆ ವರದಿ ನೆಗೆಟಿವ್ ಬರುವುದೇ ಸಹಜ. ಹಾಲಿಗೆ ಹೆಪ್ಪು ಹಾಕಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿದರೆ ಹಾಲೇ ಕಾಣುವುದು, ಮೊಸರಲ್ಲ.

ಇನ್ನೊಂದು ತೊಡಕಿದೆ. ಕೊರೊನಾ ಆಗಲಿ, ಫ್ಲೂ ಆಗಲಿ, ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡಲು ಶುರುವಾಗುತ್ತದೆ. ಅಂದರೆ ಹಾಸಿಗೆ ಹಿಡಿದವನಿಗಿಂತ, ಓಡಾಡಿಕೊಂಡು ನಗುನಗುತ್ತಾ ಇರುವ ನಾಳೆಯ ರೋಗಿಯೇ ಹೆಚ್ಚು ಅಪಾಯ. ಹಾಸಿಗೆ ಹಿಡಿದವನಿಂದ ಜನ ತಾವಾಗಿಯೇ ದೂರ ನಿಲ್ಲುತ್ತಾರೆ. ಇವನ ಹತ್ತಿರ ಎಲ್ಲರೂ ಕೂರುತ್ತಾರೆ.

ಪರೀಕ್ಷೆಗಳಲ್ಲಿಯೂ ವ್ಯತ್ಯಾಸವಿದೆ. ಅಂಗಡಿಯಲ್ಲಿ ಸಿಗುವ ರ‍್ಯಾಪಿಡ್ ಕಿಟ್ ಅರ್ಧ ಗಂಟೆಯೊಳಗೆ ಉತ್ತರ ಕೊಡುತ್ತದೆ, ಆದರೆ ವೈರಸ್ ಸಾಕಷ್ಟು ಇದ್ದರೆ ಮಾತ್ರ ಅದಕ್ಕೆ ಕಾಣುತ್ತದೆ. ಆರ್‌ಟಿ-ಪಿಸಿಆರ್ ಪರೀಕ್ಷೆ ಸ್ವಲ್ಪವೇ ಇದ್ದರೂ ಹಿಡಿಯುತ್ತದೆ, ಆದರೆ ವರದಿಗೆ ಕಾಯಬೇಕು. ಆದ್ದರಿಂದ ರ‍್ಯಾಪಿಡ್ ಕಿಟ್ಟಿನಲ್ಲಿ ಪಾಸಿಟಿವ್ ಬಂದರೆ ನಂಬಿ. ನೆಗೆಟಿವ್ ಬಂದು ಮೈ ಬಿಸಿಯಿದ್ದರೆ ಪೂರ್ತಿ ನಂಬಬೇಡಿ. ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು.

‘ಸಂಪರ್ಕ’ ಎಂದರೆ ಯಾರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೋಗಿಗೆ ಲಕ್ಷಣ ಶುರುವಾಗುವ ಎರಡು ದಿನ ಮೊದಲಿನಿಂದ ಲೆಕ್ಕ ಹಾಕಿ. ಅಂದಿನಿಂದ ಅವರ ಒಂದೆರಡು ಮೀಟರ್ ಹತ್ತಿರದಲ್ಲಿ ಕಾಲು ಗಂಟೆಗಿಂತ ಹೆಚ್ಚು ಇದ್ದವರು, ಒಂದೇ ಕೋಣೆಯಲ್ಲಿ ಮಲಗಿದವರು, ಜೊತೆಯಲ್ಲಿ ಉಂಡವರು, ಒಂದೇ ಕಾರಿನಲ್ಲಿ ಕಿಟಕಿ ಮುಚ್ಚಿ ಹೋದವರು ನಿಕಟ ಸಂಪರ್ಕಿತರು. ಅಂಗಳದಲ್ಲಿ ನಿಂತು ಸಲಾಂ ಹೇಳಿ ಹೋದವರು ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಇಡೀ ಬೀದಿಗೆ ಹೆದರುತ್ತಾರೆ, ಕೆಲವರು ಪಕ್ಕದ ಹಾಸಿಗೆಯವರಿಗೂ ಹೆದರುವುದಿಲ್ಲ.

ಸದಾಶಿವಗಡದ ಒಂದು ಮನೆ

ಹೀಗೊಂದು ಮನೆ ಊಹಿಸಿಕೊಳ್ಳಿ. ದಾದಿಗೆ 74 ವರ್ಷ, ಸಕ್ಕರೆ ಕಾಯಿಲೆ. ಅಬ್ಬಾ ಊರಲ್ಲೇ ಸಣ್ಣ ಅಂಗಡಿ ನಡೆಸುತ್ತಾರೆ. ದೊಡ್ಡ ಮಗ ದಿನಾ ಬೆಳಿಗ್ಗೆ ಮಾಜಾಳಿ ದಾಟಿ ಗೋವಾಕ್ಕೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾನೆ. ಚಿಕ್ಕವನು ಕಾಳಿ ಸೇತುವೆ ದಾಟಿ ಕಾರವಾರದ ಕಾಲೇಜಿಗೆ. ಗುರುವಾರ ಚಿಕ್ಕವನಿಗೆ ಜ್ವರ, ಗಂಟಲು ನೋವು. ಪರೀಕ್ಷೆಯಲ್ಲಿ ಪಾಸಿಟಿವ್, ಕೊರೊನಾ ಎನ್ನಿ, ಫ್ಲೂ ಎನ್ನಿ. ಅಣ್ಣ ಅದೇ ಕೋಣೆಯಲ್ಲಿ ಮಲಗುವವನು. ಅವನದು ನೆಗೆಟಿವ್. ಭಾನುವಾರ ಅಂಕೋಲಾದಲ್ಲಿ ಸೋದರಮಾವನ ಮಗಳ ನಿಕಾಹ್.

ಈಗ ನೀವು ಏನು ಮಾಡುತ್ತೀರಿ? ಜ್ವರ ಬಂದವನು ಮನೆಯಲ್ಲೇ ಇರಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಸಮಸ್ಯೆ ಅಣ್ಣನದು. ಅವನು ಗಟ್ಟಿಯಾಗಿದ್ದಾನೆ, ಕೈಯಲ್ಲಿ ವರದಿ ಇದೆ. ಮದುವೆ ಮನೆಯಲ್ಲಿ ನಾಲ್ಕು ಜನರ ಕೆಲಸ ಅವನೊಬ್ಬನೇ ಮಾಡುವವನು. ಅಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಐದಾರು ಜನ ಕೂತು ಉಣ್ಣುತ್ತಾರೆ. ಮುದುಕರು ಬರುತ್ತಾರೆ, ಎಳೆ ಕೂಸುಗಳು ಬರುತ್ತವೆ, ಬಸುರಿ ಹೆಣ್ಣುಮಕ್ಕಳು ಬರುತ್ತಾರೆ. ಭಾನುವಾರ ಎಂದರೆ ಸರಿಯಾಗಿ ಮೂರನೆಯ ದಿನ. ಕೊಲಂಬೊದಲ್ಲಿ ಗೌತಮ್ ಅವರ ವರದಿ ತಿರುಗಿದ ಹಾಗೆ ಇವನದು ತಿರುಗುವುದು ಆ ದಿನವೇ ಆಗಿದ್ದರೆ?

ನನ್ನ ಅಭಿಪ್ರಾಯದಲ್ಲಿ ಅಣ್ಣ ಆ ಮದುವೆಗೆ ಹೋಗಬಾರದು. ಐದರಿಂದ ಏಳು ದಿನ ದಾದಿಯ ಕೋಣೆಗೂ ಹೋಗಬಾರದು. ಹೊರಗೆ ಹೋಗಲೇಬೇಕಾದರೆ ಮೂಗು-ಬಾಯಿ ಸರಿಯಾಗಿ ಮುಚ್ಚುವ ಮಾಸ್ಕ್ ಹಾಕಿ, ಗಾಳಿಯಾಡುವಲ್ಲಿ, ಚಿಕ್ಕ ಕೆಲಸ ಮುಗಿಸಿ ಬರಬೇಕು. 2020ರಂತೆ ಮನೆಗೆ ಪಟ್ಟಿ ಅಂಟಿಸುವ ಕಾಲ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಕೊರೊನಾದ ತುರ್ತು ಸ್ಥಿತಿ ಮುಗಿಯಿತೆಂದು ಸಾರಿದೆ. ಹೆಚ್ಚಿನವರಿಗೆ ಈಗ ಇದು ನಾಲ್ಕು ದಿನದ ನೆಗಡಿ. ಆದರೆ ಸಕ್ಕರೆ ಕಾಯಿಲೆಯ 74ರ ದಾದಿಗೆ ಅದು ನೆಗಡಿಯಾಗಿಯೇ ಉಳಿಯುತ್ತದೆ ಎಂದು ಯಾರೂ ಬರೆದುಕೊಡಲಾರರು. ಫ್ಲೂ ಕೂಡ ಅವರ ವಯಸ್ಸಿನವರನ್ನು ಆಸ್ಪತ್ರೆ ಸೇರಿಸುವಂಥದ್ದೇ.

ಕೂಲಿ ಕೊಡುವವರು ಯಾರು?

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರಬಹುದು, ಬರಬೇಕಾದದ್ದೇ. ಕ್ರಿಕೆಟಿಗರಿಗೆ ಹೋಟೆಲಿನ ಕೋಣೆಯ ಬಾಗಿಲಿಗೆ ಊಟ ಬರುತ್ತಿತ್ತು. ವೈದ್ಯರು ದಿನಾ ವಿಚಾರಿಸುತ್ತಿದ್ದರು. ಗೋವಾಕ್ಕೆ ಹೋಗುವ ಹುಡುಗ ಏಳು ದಿನ ಮನೆಯಲ್ಲಿ ಕೂತರೆ ಏಳು ದಿನದ ಕೂಲಿ ಹೋಯಿತು. ಕೆಲಸವೇ ಹೋದರೂ ಹೋಯಿತು. ಮೀನುಗಾರಿಕೆ ದೋಣಿಗೆ ಹೋಗುವವನ ಕಥೆಯೂ ಅಷ್ಟೇ, ಅವನಿಲ್ಲದಿದ್ದರೆ ದೋಣಿ ಇನ್ನೊಬ್ಬನನ್ನು ಹತ್ತಿಸಿಕೊಂಡು ಹೋಗುತ್ತದೆ.

ಆಟಗಾರರೂ ಏನೂ ಕಳೆದುಕೊಳ್ಳಲಿಲ್ಲ ಎನ್ನುವಂತಿಲ್ಲ. ಗೌತಮ್ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದ್ದು ಅದೇ ಪ್ರವಾಸದ ಜುಲೈ 23ರಂದು. ನಾಲ್ಕೇ ದಿನಕ್ಕೆ ಕೋಣೆ ಸೇರಿದರು. ಆಮೇಲೆ ಭಾರತದ ಅಂಗಿಯಲ್ಲಿ ಮತ್ತೊಂದು ಪಂದ್ಯ ಅವರಿಗೆ ಸಿಗಲಿಲ್ಲ. ಎಂಟು ಜನರ ಪಟ್ಟಿಯಲ್ಲಿದ್ದ ಕರ್ನಾಟಕದ ಇನ್ನೊಬ್ಬರು ಮನೀಶ್ ಪಾಂಡೆ, ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವೂ ಅದೇ ಜುಲೈ 23ರದ್ದು. ಅದಕ್ಕೆ ಆ ಒಂದು ವಾರವೇ ಕಾರಣ ಎನ್ನಲು ಬಾರದು. ಆದರೆ ಕೈಗೆ ಬಂದ ಅವಕಾಶವೊಂದನ್ನು ಇನ್ನೊಬ್ಬರ ಆರೋಗ್ಯಕ್ಕಾಗಿ ಬಿಟ್ಟು ಕೂರುವುದು ಅವರಿಗೂ ಹಗುರವಾಗಿರಲಿಲ್ಲ.

ಅವರಿಗೆ ಮಂಡಳಿ ಇತ್ತು. ನಮಗೆ ಮೊಹಲ್ಲಾ ಇದೆ. ರೋಗಿಯ ಮನೆಗೆ ಅನ್ನ-ಸಾರು ತಲುಪಿಸುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ಅದು ಹಾಸಿಗೆ ಹಿಡಿದವರಿಗೆ ಮಾತ್ರ ಸಿಗುತ್ತದೆ. ಕೂಲಿ ಬಿಟ್ಟು ಮನೆಯಲ್ಲಿ ಕೂತ ಗಟ್ಟಿಮುಟ್ಟಾದ ಹುಡುಗನಿಗೆ ಏನು ಕಷ್ಟ ಎಂದು ಯಾರೂ ಕೇಳುವುದಿಲ್ಲ. ಮಸೀದಿಯ ಜಮಾಅತ್ ಅಥವಾ ಯುವಕರ ಸಂಘ ಇಂಥ ಮನೆಗೆ ಒಂದು ವಾರದ ರೇಶನ್ ಕೊಟ್ಟರೆ ಸಾಕು, ಅವನು ಹೊರಗೆ ಹೋಗದೆ ಇರಲು ಅಷ್ಟೇ ಕಾರಣ ಬೇಕು. ಖರ್ಚು ಹೆಚ್ಚೇನಿಲ್ಲ.

ಜನ ಬಚ್ಚಿಡುವುದಕ್ಕೆ ಹಣವೊಂದೇ ಕಾರಣವೂ ಅಲ್ಲ. 2020ರ ಮಾರ್ಚ್-ಏಪ್ರಿಲ್ ನಿಮಗೆ ನೆನಪಿದೆ. ನಮ್ಮ ಜಿಲ್ಲೆಯಲ್ಲಿ ಮೊದಲು ಭಟ್ಕಳದಲ್ಲಿ ಸೋಂಕು ಕಂಡಾಗ ರೋಗಿಗಳನ್ನು ಕಾರವಾರಕ್ಕೆ ಕರೆತಂದು, ನೌಕಾಪಡೆಯ ಐಎನ್‌ಎಚ್‌ಎಸ್ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು, ಗುಣಪಡಿಸಿ ಕಳಿಸಿದರು. ಅದೇ ಹೊತ್ತಿಗೆ ಹೊರಗೆ ರೋಗಕ್ಕೆ ಧರ್ಮ ಹಚ್ಚುವ ಮಾತು ನಡೆದಿತ್ತು. ಬೊಟ್ಟು ಮಾಡಿ ತೋರಿಸಿದ್ದರಿಂದ ಒಂದೇ ಒಂದು ಸೋಂಕು ಕಡಿಮೆಯಾಗಲಿಲ್ಲ. ಜ್ವರ ಬಂದವರು ಬಾಯಿ ಮುಚ್ಚಿಕೊಂಡರು, ಅಷ್ಟೇ. ಕೃಣಾಲ್ ಪಾಂಡ್ಯ ಅವರ ಸಂಪರ್ಕದ ಪಟ್ಟಿ ಕೆಲವೇ ಗಂಟೆಗಳಲ್ಲಿ ತಯಾರಾಯಿತು, ಏಕೆಂದರೆ ಯಾರೂ ಏನನ್ನೂ ಬಚ್ಚಿಡುವ ಸ್ಥಿತಿಯಲ್ಲಿರಲಿಲ್ಲ. ನಿಮ್ಮ ನೆರೆಮನೆಯವರೂ ನಿಮಗೆ ಫೋನ್ ಮಾಡಿ ‘ನಮ್ಮ ಹುಡುಗನಿಗೆ ಪಾಸಿಟಿವ್, ನಿನ್ನೆ ನಿಮ್ಮ ಮಗ ಜೊತೆಗಿದ್ದ’ ಎಂದು ಹೇಳುವಂತಿರಬೇಕಾದರೆ, ಹೇಳಿದವರನ್ನು ನೀವು ಆಡಿಕೊಳ್ಳಬಾರದು.

ದಾದಿಯನ್ನು ಬೇರೆ ಊರಿಗೆ ಕಳಿಸಬೇಕೇ?

ಇದು ತುಂಬ ಮನೆಗಳಲ್ಲಿ ನಡೆಯುವ ಕೆಲಸ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂತೆಂದರೆ ಹಿರಿಯರನ್ನೂ ಮಕ್ಕಳನ್ನೂ ಕೂಡಲೇ ಮಗಳ ಮನೆಗೋ ತವರಿಗೋ ಕಳಿಸಿಬಿಡುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ನಿನ್ನೆಯವರೆಗೆ ಮೊಮ್ಮಗನ ಪಕ್ಕದಲ್ಲಿ ಕೂತು ಉಂಡ ದಾದಿ ಈಗಾಗಲೇ ನಿಕಟ ಸಂಪರ್ಕಿತೆ. ಅವರು ಇನ್ನೊಂದು ಮನೆಗೆ ಹೋದರೆ ರೋಗವೂ ಜೊತೆಗೆ ಹೋಗಬಹುದು.

ಅದೇ ಕೊಲಂಬೊ ಪ್ರವಾಸದಲ್ಲಿ ಪೃಥ್ವಿ ಶಾ ಮತ್ತು ಸೂರ್ಯಕುಮಾರ್ ಯಾದವ್ ಇಂಗ್ಲೆಂಡಿನಲ್ಲಿದ್ದ ಇನ್ನೊಂದು ಭಾರತ ತಂಡವನ್ನು ಸೇರಬೇಕಿತ್ತು. ಅಲ್ಲಿ ಗಾಯಾಳುಗಳಿಂದ ತಂಡ ಸೊರಗಿತ್ತು, ಇವರು ತುರ್ತಾಗಿ ಬೇಕಾಗಿತ್ತು. ಇಬ್ಬರೂ ಎಂಟು ಜನರ ಪಟ್ಟಿಯಲ್ಲಿದ್ದರು. ಇವರ ಪರೀಕ್ಷೆಯೂ ನೆಗೆಟಿವ್ ಬಂದಿತ್ತು. ಆದರೂ ಒಂದು ವಾರ ಕಾಯಿಸಿ, ಆಗಸ್ಟ್ 3ರಂದು ವಿಮಾನ ಹತ್ತಿಸಿದರು. ಇಂಗ್ಲೆಂಡಿಗೆ ಹೋದ ಮೇಲೆಯೂ ಕ್ವಾರಂಟೈನ್ ಮುಗಿಸಿದ ನಂತರವೇ ತಂಡದ ಜೊತೆ ಬಿಟ್ಟರು.

ಪ್ಲೇಗ್ ಹರಡಿದ ಊರಿಗೆ ಹೊರಗಿನವರು ಹೋಗಬಾರದು, ಒಳಗಿದ್ದವರು ಅಲ್ಲಿಂದ ಓಡಿಹೋಗಲೂಬಾರದು ಎಂಬ ಪ್ರವಾದಿಯವರ(ಸ) ಬೋಧನೆ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮೊದಲ ಅರ್ಧವನ್ನು ಪಾಲಿಸಲು ಕಷ್ಟವಿಲ್ಲ, ಹೆದರಿಕೆಯೇ ಪಾಲಿಸುವಂತೆ ಮಾಡುತ್ತದೆ. ಎರಡನೆಯ ಅರ್ಧಕ್ಕೆ ಮನಸ್ಸು ಗಟ್ಟಿ ಮಾಡಬೇಕು.

ಹಾಗಾದರೆ ದಾದಿಯನ್ನು ಎಲ್ಲಿಡಬೇಕು? ಅದೇ ಮನೆಯಲ್ಲಿ, ರೋಗಿಯ ಕೋಣೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಅವರ ಕೋಣೆಯ ಕಿಟಕಿ ತೆರೆದಿರಲಿ. ನಮ್ಮೂರಿಗೆ ಸಮುದ್ರದ ಗಾಳಿ ಒಂದು ದೊಡ್ಡ ಅನುಕೂಲ, ಅದನ್ನು ಪರದೆ ಎಳೆದು ತಡೆಯಬೇಡಿ. ಸ್ನಾನದ ಮನೆ ಒಂದೇ ಇದ್ದರೆ ದಾದಿ ಮೊದಲು, ಉಳಿದವರು ನಂತರ, ರೋಗಿ ಕೊನೆಗೆ. ರೋಗಿ ಬಂದ ಮೇಲೆ ಅಲ್ಲಿಯ ಕಿಟಕಿ ಅರ್ಧ ಗಂಟೆ ತೆರೆದಿಡಿ. ಕೋಣೆ ಒಂದೇ ಇರುವ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ರೋಗಿಯ ಹಾಸಿಗೆ ಕಿಟಕಿಯ ಅಥವಾ ಬಾಗಿಲಿನ ಹತ್ತಿರ ಇರಲಿ, ಗಾಳಿ ಅವನ ಕಡೆಯಿಂದ ಹೊರಗೆ ಹೋಗುವಂತಿರಲಿ. ಅವನೂ ಮಾಸ್ಕ್ ಹಾಕಲಿ, ಉಳಿದವರೂ ಹಾಕಲಿ. ಹಗಲು ಹೊತ್ತು ಹೊರಗಿನ ಜಗಲಿಯಲ್ಲಿ ಕಳೆಯಲಿ.

ಆರೈಕೆ ಮಾಡುವವರ ಕೈ

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ಇನ್ನೊಂದು ಘಟನೆ ನಡೆಯಿತು. ಓವಲ್ ಟೆಸ್ಟಿನ ನಡುವೆ ಮುಖ್ಯ ಕೋಚ್ ರವಿ ಶಾಸ್ತ್ರಿ ಅವರಿಗೆ ಸೋಂಕು ಕಂಡಿತು. ಬೌಲಿಂಗ್, ಫೀಲ್ಡಿಂಗ್ ಕೋಚ್‌ಗಳಿಗೂ ಬಂತು. ಆಟ ಮಾತ್ರ ಮುಂದುವರಿಯಿತು. ಮುಂದಿನ ಟೆಸ್ಟ್ ಮ್ಯಾಂಚೆಸ್ಟರಿನಲ್ಲಿ, ಸೆಪ್ಟೆಂಬರ್ 10ಕ್ಕೆ. ಅದಕ್ಕೆ ಸ್ವಲ್ಪ ಮೊದಲು ತಂಡದ ಸಹಾಯಕ ಫಿಸಿಯೋಗೆ ಪಾಸಿಟಿವ್ ಬಂತು. ಆಟಗಾರರೆಲ್ಲರ ವರದಿ ನೆಗೆಟಿವ್. ಆದರೂ ಪಂದ್ಯ ಶುರುವಾಗಲು ಒಂದೆರಡು ಗಂಟೆ ಇರುವಾಗ ರದ್ದಾಯಿತು. ಸರಣಿಯಲ್ಲಿ ಭಾರತ 2-1ರಿಂದ ಮುಂದಿತ್ತು. ಆ ಪಂದ್ಯ ಮತ್ತೆ ನಡೆದದ್ದು 2022ರ ಜುಲೈಯಲ್ಲಿ, ಎಜ್‌ಬಾಸ್ಟನ್‌ನಲ್ಲಿ. ಇಂಗ್ಲೆಂಡ್ ಗೆದ್ದು ಸರಣಿ 2-2 ಆಯಿತು. (ಆ ಪಂದ್ಯಕ್ಕೂ ಮೊದಲು ನಾಯಕ ರೋಹಿತ್ ಶರ್ಮಾ ಅವರಿಗೇ ಸೋಂಕು ಬಂದು, ಬೆಂಗಳೂರಿನ ಮಯಾಂಕ್ ಅಗರ್ವಾಲ್ ಅವರನ್ನು ಕರೆಸಬೇಕಾಯಿತು.)

ಕೋಚ್‌ಗಳಿಗೆ ಸೋಂಕು ಬಂದಾಗ ನಿಲ್ಲದ ಆಟ ಫಿಸಿಯೋಗೆ ಬಂದಾಗ ಯಾಕೆ ನಿಂತಿತು? ಕೋಚ್ ದೂರದಿಂದ ಮಾತಾಡುತ್ತಾನೆ. ಫಿಸಿಯೋ ಒಬ್ಬೊಬ್ಬ ಆಟಗಾರನ ಕಾಲು, ಭುಜ, ಬೆನ್ನು ತಿಕ್ಕುವವನು. ಅವನ ಕೈ ಎಲ್ಲರ ಮೈಮೇಲೂ ಆಡಿರುತ್ತದೆ, ಅವನ ಉಸಿರು ಎಲ್ಲರ ಹತ್ತಿರವೂ ಸುಳಿದಿರುತ್ತದೆ.

ನಿಮ್ಮ ಮನೆಯಲ್ಲಿ ಆ ಫಿಸಿಯೋ ಯಾರು? ಅಮ್ಮಿ. ಇಲ್ಲವೆ ಮನೆಯ ಸೊಸೆ. ರೋಗಿಯ ಹಣೆಗೆ ಒದ್ದೆ ಬಟ್ಟೆ ಹಾಕಿ, ಅದೇ ಕೈಯಲ್ಲಿ ದಾದಿಗೆ ಮಾತ್ರೆ ಕೊಟ್ಟು, ಆಮೇಲೆ ಕೂಸಿಗೆ ಅನ್ನ ಕಲಸುವವರು ಅವರು. ಇಡೀ ಮನೆಗೆ ರೋಗ ಹರಡುವ ದಾರಿಯೂ ಅದೇ, ಮೊದಲು ಸೋಲುವ ದೇಹವೂ ಅವರದೇ. ಅವರಿಗೆ ಜ್ವರ ಬಂದರೆ ಅದನ್ನು ಮನೆಯಲ್ಲಿ ಯಾರೂ ಎಣಿಸುವುದಿಲ್ಲ, ಅವರೂ ಹೇಳುವುದಿಲ್ಲ. ಆದ್ದರಿಂದ ಕೆಲಸ ಹಂಚಿಕೊಳ್ಳಿ. ರೋಗಿಯನ್ನು ನೋಡಿಕೊಳ್ಳುವವರು ಒಬ್ಬರೇ ಇರಲಿ, ಆದರೆ ಅವರು ಅಡುಗೆಮನೆಗೂ ದಾದಿಯ ಕೋಣೆಗೂ ಹೋಗದಿರಲಿ. ಆ ವಾರ ಒಲೆಯ ಮುಂದೆ ಗಂಡಸರು ನಿಂತರೆ ಸಾರಿನ ರುಚಿ ಸ್ವಲ್ಪ ಕೆಡಬಹುದು, ಬೇರೇನೂ ಕೆಡುವುದಿಲ್ಲ.

ಕೈ ತೊಳೆಯುವ ವಿಷಯದಲ್ಲಿ ಒಂದು ಮಾತು. ದಿನಕ್ಕೆ ಐದು ಸಲ ವುಝೂ ಮಾಡುವವರಿಗೆ ಕೈ ತೊಳೆಯುವುದನ್ನು ಕಲಿಸಬೇಕೇ ಎಂದು ಕೆಲವರು ಕೇಳುತ್ತಾರೆ. ವುಝೂ ನೀರಿನಿಂದ. ಕೊರೊನಾ, ಫ್ಲೂ ವೈರಸ್‌ಗಳ ಹೊರಪದರ ಕೊಬ್ಬಿನದು, ಅದು ಒಡೆಯುವುದು ಸೋಪಿನಿಂದ. ರೋಗಿಯ ಕೋಣೆಯಿಂದ ಬಂದ ಮೇಲೆ, ಉಣ್ಣುವ ಮೊದಲು, ಮೂಗು ಸೀಟಿದ ಮೇಲೆ ಬೆರಳ ಸಂದುಗಳೂ ನೊರೆಯಾಗುವಂತೆ 20 ಸೆಕೆಂಡು ಸೋಪು ಹಚ್ಚಿ ತೊಳೆಯಿರಿ.

ಚೆಂಡು, ಬಾಟಲಿ, ತಟ್ಟೆ

ನಿಮ್ಮ ಮಕ್ಕಳು ನೀವು ಹೇಳಿದ್ದನ್ನು ಕೇಳದಿದ್ದರೆ ಅನಿಲ್ ಕುಂಬ್ಳೆ ಅವರ ಹೆಸರು ಹೇಳಿ. ಚೆಂಡಿಗೆ ಎಂಜಲು ಹಚ್ಚಿ ಉಜ್ಜುವುದು ಕ್ರಿಕೆಟಿನಲ್ಲಿ ನೂರು ವರ್ಷಕ್ಕೂ ಹಳೆಯ ಅಭ್ಯಾಸ. 2020ರ ಮೇ ತಿಂಗಳಲ್ಲಿ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿಯ ಕ್ರಿಕೆಟ್ ಸಮಿತಿ ಅದನ್ನು ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. ಬೆವರಿನಿಂದ ಉಜ್ಜಲು ಅಡ್ಡಿಯಿಲ್ಲ, ಎಂಜಲು ಬೇಡ ಎಂದಿತು. ಜೂನ್‌ನಲ್ಲಿ ಅದು ನಿಯಮವಾಯಿತು, 2022ರ ಅಕ್ಟೋಬರಿನಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕಾಯಂ ನಿಯಮವೇ ಆಯಿತು. ನೂರು ವರ್ಷದ ಅಭ್ಯಾಸವನ್ನು ಬಿಡಬಹುದಾದರೆ ಒಂದು ಬಾಟಲಿಯ ಅಭ್ಯಾಸ ಬಿಡುವುದು ಎಷ್ಟರದು?

ನಮ್ಮಲ್ಲಿ ಕೊಯ್ಲಾದ ಗದ್ದೆಗಳಲ್ಲಿ, ಸಮುದ್ರದ ದಂಡೆಯಲ್ಲಿ ಟೆನಿಸ್ ಬಾಲ್ ಪಂದ್ಯಗಳು ನಡೆಯುವಾಗ ಹೋಗಿ ನೋಡಿ. ಹನ್ನೊಂದು ಜನಕ್ಕೆ ಒಂದೇ ನೀರಿನ ಬಾಟಲಿ, ಬಾಯಿಗೆ ಹಚ್ಚಿ ಕುಡಿದು ಮುಂದಿನವನಿಗೆ. ಒಂದೇ ಟವೆಲ್ಲು. ಫ್ಲೂ, ಮಂಪ್ಸ್, ಕೊರೊನಾ ಯಾವುದಕ್ಕೂ ಇದಕ್ಕಿಂತ ಸುಲಭದ ದಾರಿ ಬೇಡ. ಪ್ರತಿಯೊಬ್ಬನ ಚೀಲದಲ್ಲಿ ಅವನದೇ ಬಾಟಲಿ ಇರಲಿ. ಮದುವೆಯ ದೊಡ್ಡ ತಟ್ಟೆಯ ಬಗ್ಗೆಯೂ ಅಷ್ಟೇ. ಜೊತೆಯಲ್ಲಿ ಕೂತು ಉಣ್ಣುವ ಸಂತೋಷ ಬಿಡಬೇಕಿಲ್ಲ. ಊರಲ್ಲಿ ಜ್ವರ ಓಡಾಡುತ್ತಿರುವ ತಿಂಗಳುಗಳಲ್ಲಿ ತಟ್ಟೆ ಬೇರೆ ಬೇರೆ ಇದ್ದರೆ ಸಾಕು.

ಎಲ್ಲ ಜ್ವರವೂ ಅಂಟುವುದಿಲ್ಲ

ಇದನ್ನು ಹೇಳದೆ ಹೋದರೆ ಈ ಲೇಖನದಿಂದಲೇ ತೊಂದರೆಯಾದೀತು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬರುವ ಜ್ವರಗಳಲ್ಲಿ ಡೆಂಗಿ ಸೊಳ್ಳೆಯಿಂದ. ಇಲಿ ಜ್ವರ, ಇಲಿ ಮೂತ್ರ ಬೆರೆತ ಗದ್ದೆಯ ಕೆಸರು ಮತ್ತು ಚರಂಡಿ ನೀರಿನಿಂದ. ಘಟ್ಟದ ಮೇಲೆ ಸಿದ್ದಾಪುರದ ಕಡೆ ಬೇಸಗೆಗೆ ಕಾಣುವ ಮಂಗನ ಕಾಯಿಲೆ ಉಣ್ಣೆ ಹುಳುವಿನಿಂದ. ಇವು ರೋಗಿಯ ಪಕ್ಕದಲ್ಲಿ ಕೂತರೆ ಬರುವಂಥವಲ್ಲ. ಇವರನ್ನು ಕೋಣೆಯಲ್ಲಿಟ್ಟು ‘ಏಳು ದಿನ ನೋಡೋಣ’ ಎಂದು ಕೂತರೆ ಜೀವಕ್ಕೇ ಅಪಾಯ. ಕೆಮ್ಮು-ನೆಗಡಿ ಇಲ್ಲದೆ ಬರೀ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅಥವಾ ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಎರಡನೆಯ ದಿನವೇ ರಕ್ತ ಪರೀಕ್ಷೆಗೆ ಹೋಗಿ. ಡೆಂಗಿಯ ಸಂಶಯವಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಬಗೆಯ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದಷ್ಟು.

ಅಂಟುವ ಜ್ವರಗಳಲ್ಲಿಯೂ ದಿನಗಳ ಲೆಕ್ಕ ಒಂದೇ ಅಲ್ಲ. ಫ್ಲೂ ತಗುಲಿದ ಒಂದರಿಂದ ನಾಲ್ಕು ದಿನದೊಳಗೆ ಕಾಣುತ್ತದೆ, ಲಕ್ಷಣ ಬಂದ ಮೇಲೆ ಐದಾರು ದಿನ ಹರಡುತ್ತದೆ. ಚಿಕನ್‌ಪಾಕ್ಸ್ ಕಾಣಲು 10ರಿಂದ 21 ದಿನ ಬೇಕು, ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆಯಾಗುವವರೆಗೆ ಹರಡುತ್ತದೆ. ದಡಾರ ಮೈಮೇಲೆ ಕೆಂಪು ಏಳುವ ನಾಲ್ಕು ದಿನ ಮೊದಲಿನಿಂದ ನಾಲ್ಕು ದಿನ ನಂತರದವರೆಗೆ. ಕೊರೊನಾಕ್ಕೆ 2022ರ ಜನವರಿಯಲ್ಲಿ ಕೇಂದ್ರ ಸರಕಾರ ಕೊಟ್ಟ ಲೆಕ್ಕ, ಪಾಸಿಟಿವ್ ಬಂದ ದಿನದಿಂದ ಕನಿಷ್ಠ 7 ದಿನ ಮತ್ತು ಕೊನೆಯ 3 ದಿನ ಜ್ವರವೇ ಇರಬಾರದು. ನಿಮ್ಮ ಮನೆಯ ರೋಗಿಗೆ ಎಷ್ಟು ದಿನ ಎಂಬುದನ್ನು ವೈದ್ಯರಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮನೆಯಲ್ಲೇ ಇಟ್ಟು ನೋಡಿಕೊಳ್ಳುವಾಗ ಒಂದು ಆಕ್ಸಿಮೀಟರ್ ಹತ್ತಿರವಿದ್ದರೆ ಒಳ್ಳೆಯದು. 2021ರಲ್ಲಿ ಕೊಂಡದ್ದು ಎಲ್ಲೋ ಕಪಾಟಿನಲ್ಲಿ ಬಿದ್ದಿರಬಹುದು, ಸೆಲ್ ಬದಲಿಸಿ ನೋಡಿ. ಬೆರಳಿಗೆ ಮೆಹಂದಿ ಅಥವಾ ಉಗುರಿಗೆ ಬಣ್ಣ ಇದ್ದರೆ ಅದು ತಪ್ಪು ತೋರಿಸಬಹುದು, ಬೇರೆ ಬೆರಳಿಗೆ ಹಾಕಿ. ಕೂತಲ್ಲೇ 94ಕ್ಕಿಂತ ಕೆಳಗೆ ಇಳಿದರೆ, ಮಾತಾಡುವಾಗ ಏದುಸಿರು ಬಂದರೆ, ಎದೆ ನೋವು ಬಂದರೆ, ಮೂರು ದಿನವಾದರೂ ಜೋರು ಜ್ವರ ಇಳಿಯದಿದ್ದರೆ, ಹಿರಿಯರು ಊಟ ಬಿಟ್ಟು ಮಂಕಾಗಿ ಗೊಂದಲದ ಮಾತಾಡತೊಡಗಿದರೆ, ಮಗು ಹಾಲು ಕುಡಿಯದೆ ಜೋರಾಗಿ ಉಸಿರಾಡುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಕಾರವಾರದ ಕ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಹಳೆಯ ಔಷಧಿಗಳ ಚೀಟಿ, ಸಕ್ಕರೆ-ಬಿಪಿ ಮಾತ್ರೆಗಳು, ಜ್ವರ ಶುರುವಾದ ದಿನ ಬರೆದ ಕಾಗದ ಜೊತೆಗಿರಲಿ. ಮನೆಯಲ್ಲಿ ಇನ್ನಾರಿಗೆ ಯಾವತ್ತು ಪಾಸಿಟಿವ್ ಬಂದಿತ್ತು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.